ರಚನಾ ಒರೆಸಿದ ಗುರುತು

೧

ಎಲ್ಲಿಂದ ಶುರುಮಾಡಲಿ, ನೀವೇ ಹೇಳಿ. ನೇರವಾಗಿ ಮ್ಯಾಚ್‌ಗೆ ಇಳಿದರೆ ನಿಮ್ಮಲ್ಲಿ ಅರ್ಧ ಜನ ಸ್ಕೋರ್ ಅರ್ಥವಾಗದೆ ಪುಟ ತಿರುಗಿಸುತ್ತೀರಿ. ಹುಡುಗಿಯ ಬಾಲ್ಯದಿಂದ ಶುರುಮಾಡಿದರೆ ಸನ್ಮಾನ ಸಮಾರಂಭದ ಪರಿಚಯ ಭಾಷಣವಾಗುತ್ತದೆ. ನಾನು ಬರೆದ ಮೊದಲ ಸಾಲು ಇದು: "ಚೆನ್ನೈನ ಉರಿಬಿಸಿಲಿನಲ್ಲಿ ಹಳದಿ ಚೆಂಡೊಂದು ಇನ್ನೊಂದು ಸೂರ್ಯನಂತೆ ಮೇಲೇರಿತು." ನನ್ನ ಹೆಂಡತಿ ಮಾಧವಿ ಓದಿದಳು. "ಸೂರ್ಯ ಏರಿದ್ದು ಸಾಕು, ಕುಕ್ಕರ್ ನಾಲ್ಕು ಸಲ ಕೂಗ್ತು, ಮೊದಲು ಅದನ್ನ ಇಳಿಸಿ" ಎಂದಳು. ಸಾಲನ್ನು ಹೊಡೆದುಹಾಕಿದೆ. ಕುಕ್ಕರ್ ಇಳಿಸಿದೆ.

(ನಾನು ಪಂಢರಿನಾಥ. ಚೆನ್ನೈನ ಗಿಂಡಿಯಲ್ಲಿ ಒಂದು ವಿಮಾ ಕಚೇರಿಯ ಕೆಲಸ, ವೆಸ್ಟ್ ಮಾಂಬಲಂನಲ್ಲಿ ಎರಡನೇ ಮಹಡಿಯ ಮನೆ. ಟೆನಿಸ್ ಆಡಲು ಬರುವುದಿಲ್ಲ. ಶಿಸ್ತಿನ ಬಗ್ಗೆ ಬರೆಯಲು ಹೊರಟ ಈ ಮಹಾನುಭಾವ ಬೆಳಗಿನ ವಾಕಿಂಗನ್ನು ಎರಡೇ ದಿನಕ್ಕೆ ಕೈಬಿಟ್ಟವನು ಎಂಬುದು ನಿಮ್ಮ ಗಮನಕ್ಕಿರಲಿ.)

೨

ಸರಿ, ಹುಡುಗಿ. ಹೆಸರು ರಚನಾ. ಕಥೆಗಾರ ಜಾಣತನ ಮಾಡಿದ ಅಂದುಕೊಳ್ಳಬೇಡಿ, ಅದು ಅವರಪ್ಪ ಇಟ್ಟ ಹೆಸರು. ಅಪ್ಪ ಸುರೇಶ್ ರೈಲ್ವೆಯಲ್ಲಿದ್ದಾರೆ. ಅವರ ತಾಯಿ ಚಿಕ್ಕತಾಯಮ್ಮ ಕೊಳ್ಳೇಗಾಲದ ಕಡೆಯವರು. ಮೊಮ್ಮಗಳ ಪ್ರತಿ ಮ್ಯಾಚ್‌ಗೂ ಕೊಡೆ ಹಿಡಿದು ಹಾಜರು. ಟೆನಿಸ್ ಬಗ್ಗೆ ಅವರಿಗೆ ತಿಳಿದಿರುವುದು ಒಂದೇ, ಚೆಂಡು ಬಲೆಗೆ ಬಿದ್ದರೆ ಕೆಟ್ಟದ್ದು.

ರಚನಾಗೆ ಹದಿನೇಳು. ಎಡಗೈ ಆಟ. ವಡಪಳನಿಯಲ್ಲಿ ಮಧುಸೂದನ್ ಎಂಬ ಕೋಚ್ ನಡೆಸುವ ನಾಲ್ಕು ಮಣ್ಣಿನ ಕೋರ್ಟುಗಳಿವೆ. ಒಂಬತ್ತು ವರ್ಷದವಳಿದ್ದಾಗ ಅವಳು ಅಲ್ಲಿ ಹೊಡೆದ ಮೊದಲ ಫೋರ್‌ಹ್ಯಾಂಡ್ ನೋಡಿ ಮಧುಸೂದನ್ ಕುಡಿಯುತ್ತಿದ್ದ ಕಾಫಿಯನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತರಂತೆ. ಅಂಥ ಕೈ ತಮಗೆ ಇಪ್ಪತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ ಎಂದು ಈಗಲೂ ಹೇಳುತ್ತಾರೆ.

ಕೈ ಅಂಥದ್ದು. ಬಾಯಿ? ಅಯ್ಯೋ, ಕೇಳಬೇಡಿ. ಕಳೆದ ವರ್ಷ ಮೂರು ಟೂರ್ನಿಗಳಿಂದ ಅವಳನ್ನು ಹೊರಗೆ ಹಾಕಿದರು. ಮೂರರಲ್ಲೂ ಅವಳೇ ಮುಂದಿದ್ದಳು! ಎದುರಾಳಿ ಒಂದು ಚೆಂಡನ್ನು ತಪ್ಪಾಗಿ "ಔಟ್" ಎಂದರೆ ಸಾಕು, ಮೊದಲು ಕಿರುಚಾಟ, ಆಮೇಲೆ ರ್‍ಯಾಕೆಟ್ ನೆಲಕ್ಕೆ, ಆಮೇಲೆ ಅಂಪೈರ್ ಜೊತೆ ಜಗಳ, ಆಮೇಲೆ ಮನೆಗೆ. ಮೂರನೇ ಸಲ ಮಧುಸೂದನ್ ಮುರಿದ ರ್‍ಯಾಕೆಟ್ಟನ್ನು ತಾವೇ ಎತ್ತಿಕೊಂಡು ಬಂದು ಅವಳ ಕೈಗೆ ಕೊಟ್ಟು, ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು.

"ನೋಡಮ್ಮಾ, ಟ್ಯಾಲೆಂಟ್ ಎಲ್ಲಾ ಸರಿ. ಆದ್ರೆ ಇನ್ನೊಂದು ರ್‍ಯಾಕೆಟ್ ಒಡೆದ್ರೆ, ನನ್ನ ಕೋರ್ಟಿಗೆ ಬರಬೇಡ. ನಾನು ಸುಮ್ಮನೆ ಹೇಳ್ತಾ ಇಲ್ಲ. ಮುಡಿಂಜಿದು, ಮುಗೀತು, ಅಷ್ಟೇ."

ಬೇರೆ ಕೋಚ್ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಅವಳ ಕೀರ್ತಿ ಆಗಲೇ ಊರೆಲ್ಲ ಹಬ್ಬಿದೆ. ಅಂದರೆ ಒಂದು ರ್‍ಯಾಕೆಟ್ ಮುರಿದರೆ ಟೆನಿಸ್ಸೇ ಮುಗಿಯಿತು.

೩

ಇಲ್ಲಿ ನಾನು ಒಂದು ಯೋಗದ ದೃಶ್ಯ ಬರೆದಿದ್ದೆ. ರಚನಾ ಮುಂಜಾನೆ ಮರೀನಾ ಬೀಚಿನಲ್ಲಿ ಪದ್ಮಾಸನ ಹಾಕಿ ಕೂರುತ್ತಾಳೆ, ಅಲೆಗಳ ಸದ್ದಿನಲ್ಲಿ ಅವಳ ಸಿಟ್ಟು ಕರಗಿಹೋಗುತ್ತದೆ. ಎರಡು ಪುಟ! ಬರೆದು ಮುಗಿಸುವಷ್ಟರಲ್ಲಿ ಅವಳೇ ಬಂದು ನನ್ನ ಮೇಜಿನ ಎದುರು ನಿಂತಳು.

"ಅಂಕಲ್, ಇದು ಎನ್ ಕದೆಯಾ, ಉಂಗ ಕದೆಯಾ?"

"ನಿನ್ನದೇ ಕಥೆ ಕಣಮ್ಮ."

"ಹಾಗಾದ್ರೆ ನಾನ್ಯಾಕೆ ಬೀಚಲ್ಲಿ ಕಣ್ಣು ಮುಚ್ಕೊಂಡು ಕೂತಿದೀನಿ? ನಂಗೆ ಆ ಮರಳು ಪುಡಿಕಲೆ, ಇಷ್ಟಾನೇ ಇಲ್ಲ. ಸಾಕ್ಸ್ ಒಳಗೆಲ್ಲಾ ಹೋಗುತ್ತೆ."

"ನಿನ್ನ ಸಿಟ್ಟು ಹೋಗಬೇಕಲ್ಲ?"

"ಯಾರು ಹೇಳಿದ್ದು? ಸಿಟ್ಟು ಹೋದ್ರೆ ನನ್ನ ಫೋರ್‌ಹ್ಯಾಂಡೂ ಹೋಗುತ್ತೆ. ಅದು ಎರಡೂ ಒಂದೇ ಕಡೆಯಿಂದ ಬರೋದು. ನೀವು ಆಡಿದೀರಾ? ಇಲ್ಲ ತಾನೆ?"

ನನಗೆ ಮೈಯೆಲ್ಲ ಉರಿಯಿತು. ನಾನು ಸೃಷ್ಟಿಸಿದ ಪಾತ್ರ ನನಗೇ ಪಾಠ ಹೇಳುವುದೆಂದರೇನು? ಪೆನ್ನನ್ನು ಗೋಡೆಗೆ ಎಸೆದೆ. ಅದರ ಮುಚ್ಚಳ ಇನ್ನೂ ಸಿಕ್ಕಿಲ್ಲ. ರಚನಾ ಕೈಕಟ್ಟಿ ನೋಡುತ್ತಿದ್ದಳು. "ಕೋಡ್ ವಯಲೇಷನ್, ವಾರ್ನಿಂಗ್, ಮಿಸ್ಟರ್ ಪಂಢರಿನಾಥ" ಎಂದು ಅಂಪೈರ್ ದನಿಯಲ್ಲಿ ಹೇಳಿ ನಕ್ಕಳು.

ಯೋಗದ ದೃಶ್ಯ ಹರಿದುಹಾಕಿದೆ.

೩ (ಮತ್ತೆ)

ಮಧುಸೂದನ್ ಯೋಗ ಹೇಳಿಕೊಡಲಿಲ್ಲ. ಅವರು ಹೇಳಿಕೊಟ್ಟದ್ದು ಒರೆಸುವುದನ್ನು.

ಮಣ್ಣಿನ ಕೋರ್ಟಿನಲ್ಲಿ ಚೆಂಡು ಬಿದ್ದ ಜಾಗದಲ್ಲಿ ಗುರುತು ಮೂಡುತ್ತದೆ. ರಚನಾಳ ತೊಂದರೆ ಏನೆಂದರೆ, ಪಾಯಿಂಟ್ ಮುಗಿದ ಮೇಲೂ ಅವಳು ಆ ಗುರುತನ್ನೇ ನೋಡುತ್ತಿದ್ದಳು. ಮುಂದಿನ ಪಾಯಿಂಟ್ ಆಡುವಾಗಲೂ ತಲೆಯಲ್ಲಿ ಅದೇ. ಕೋಚ್ ಅದನ್ನು ಗಮನಿಸಿದರು.

"ಪಾಯಿಂಟ್ ಮುಗೀತಾ? ಬೂಟಿಂದ ಗುರುತು ಒರೆಸು. ಒರೆಸಿದ ಮೇಲೆ ಅದು ಇಲ್ಲ. ಗೆದ್ರೂ ಒರೆಸು, ಸೋತ್ರೂ ಒರೆಸು."

ಮೊದಲ ವಾರ ರಚನಾ ನೆಲವನ್ನು ಒದ್ದಳೇ ಹೊರತು ಒರೆಸಲಿಲ್ಲ. ಎರಡನೇ ತಿಂಗಳಿಗೆ ಕಾಲು ತಾನಾಗಿ ಹೋಗತೊಡಗಿತು. ದಿನಕ್ಕೆ ಇನ್ನೂರು ಸಲ, ಬೆಳಿಗ್ಗೆ ಆರರಿಂದ ಎಂಟೂವರೆವರೆಗೆ, ಶಾಲೆಯ ನಂತರ ಮತ್ತೆ. ನಂಬಿದರೆ ನಂಬಿ, ಎಂಟು ತಿಂಗಳು ಒಂದೂ ರ್‍ಯಾಕೆಟ್ ಒಡೆಯಲಿಲ್ಲ. ಫೋರ್‌ಹ್ಯಾಂಡ್ ಎಲ್ಲಿಗೂ ಹೋಗಲಿಲ್ಲ. ಇದನ್ನು ಅವಳಿಗೆ ತೋರಿಸಿ "ನೋಡಿದೆಯಾ?" ಎಂದೆ. "ಸಿಟ್ಟೂ ಹೋಗಿಲ್ಲ, ಅದನ್ನೂ ಬರೀರಿ" ಎಂದಳು. ಬರೆದಿದ್ದೇನೆ.

(ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಒಳ್ಳೆಯ ಲೇಖನವಾಗುತ್ತಿತ್ತು. ಶಾಲೆಯ ವಾರ್ಷಿಕ ಸಂಚಿಕೆಯವರು ಎಗರಿ ತೆಗೆದುಕೊಳ್ಳುತ್ತಿದ್ದರು.)

೫

(ನಾಲ್ಕು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ನನ್ನದೊಂದು ಚಿಂತನೆ ಇತ್ತು. ಮಾಧವಿ ಓದಿ ಆಕಳಿಸಿದಳು.)

ದೊಡ್ಡ ಟೂರ್ನಿಯ ಅರ್ಹತಾ ಸುತ್ತು. ಕೊನೆಯ ಮ್ಯಾಚ್. ಗೆದ್ದರೆ ಮುಖ್ಯ ಸುತ್ತಿಗೆ, ದೇಶದ ಒಳ್ಳೆಯ ಆಟಗಾರ್ತಿಯರ ಜೊತೆ. ಎದುರಾಳಿ ಕೊಯಮತ್ತೂರಿನ ಹುಡುಗಿ, ಶಾಂತ ಸ್ವಭಾವದವಳು, ಒಂದು ಚೆಂಡನ್ನೂ ಸುಮ್ಮನೆ ಬಿಡುವವಳಲ್ಲ.

ಒಂದು ನಿಯಮ ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ಇಂಥ ಮ್ಯಾಚ್‌ಗಳಲ್ಲಿ ಪ್ರತಿ ಕೋರ್ಟಿಗೂ ಅಂಪೈರ್ ಇರುವುದಿಲ್ಲ. ತಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಟಗಾರರೇ ಹೇಳಬೇಕು. ಎದುರಾಳಿಗೆ ಅನುಮಾನ ಬಂದರೆ "ಗುರುತು ತೋರಿಸು" ಎಂದು ಕೇಳಬಹುದು. ತೋರಿಸಬೇಕು.

ಒಂದೊಂದು ಸೆಟ್ ಇಬ್ಬರಿಗೂ. ಮೂರನೆಯದರಲ್ಲಿ ರಚನಾ ಐದು-ನಾಲ್ಕು ಮುಂದೆ, ಸರ್ವ್ ಅವಳದೇ. ನಲವತ್ತು-ಮೂವತ್ತು. ಮ್ಯಾಚ್ ಪಾಯಿಂಟ್, ಅಂದರೆ ಇದೊಂದು ಗೆದ್ದರೆ ಮ್ಯಾಚ್ ಅವಳದು.

ಅವಳು ಸರ್ವ್ ಮಾಡಿದಳು. ಎದುರಾಳಿ ಮರಳಿಸಿದ ಚೆಂಡು ಉದ್ದ ಬಂತು, ಗೆರೆಯ ಹಿಂದೆ ಬಿತ್ತು. ಎರಡು ಬೆರಳು ಹೊರಗೆ. ಈ ಲೋಕದಲ್ಲಿ ಅದನ್ನು ಖಚಿತವಾಗಿ ಹೇಳಬಲ್ಲವನು ನಾನೊಬ್ಬನೇ, ಏಕೆಂದರೆ ಅದನ್ನು ಅಲ್ಲಿ ಬೀಳಿಸಿದವನು ನಾನು.

"ಔಟ್!" ಎಂದಳು ರಚನಾ. ಕಿರುಚಲಿಲ್ಲ, ಕುಣಿಯಲಿಲ್ಲ. ಕೋಚ್ ಕಲಿಸಿದಂತೆ ಉಸಿರು ಬಿಟ್ಟಳು. ಕೋಚ್ ಕಲಿಸಿದಂತೆ ಬೂಟಿನಿಂದ ಗುರುತನ್ನು ಒರೆಸಿದಳು.

"ಮಾರ್ಕ್ ಕಾಟ್ಟು" ಎಂದಳು ಎದುರಾಳಿ, ಬಲೆಯ ಆಚೆಯಿಂದ.

ತೋರಿಸಲು ಏನಿದೆ? ಬರೀ ಮಣ್ಣು.

೬

ಮೂರು ಕೋರ್ಟುಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದ ಅಂಪೈರಮ್ಮ ಬಂದರು. ನೆಲ ನೋಡಿದರು. ಬೂಟು ಎಳೆದ ಗೀರು ನೋಡಿದರು. ನಿಯಮ ಸ್ಪಷ್ಟವಾಗಿದೆ, ಗುರುತು ಒರೆಸಿದವರು ಪಾಯಿಂಟ್ ಬಿಟ್ಟುಕೊಟ್ಟ ಹಾಗೆ. "ಡ್ಯೂಸ್" ಎಂದರು.

ಗೆದ್ದ ಮ್ಯಾಚ್ ಮತ್ತೆ ಸಮಕ್ಕೆ ಬಂತು. ಸಿಟ್ಟಿನಿಂದ ಅಲ್ಲ ಸ್ವಾಮಿ, ಶಿಸ್ತಿನಿಂದ! ಅಭ್ಯಾಸದಲ್ಲಿ ಗುರುತು ತೋರಿಸು ಎಂದು ಕೇಳುವವರು ಯಾರೂ ಇರಲಿಲ್ಲ. "ಒರೆಸುವ ಮುಂಚೆ ಆ ಕಡೆಯವಳ ಮುಖ ನೋಡು" ಎಂದು ಹೇಳುವುದು ಮಧುಸೂದನ್‌ಗೆ ಹೊಳೆದಿರಲೇ ಇಲ್ಲ. ಅವರು ಜಾಲರಿಯ ಹೊರಗೆ ನಿಂತು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಆಟದ ನಡುವೆ ಕೋಚ್ ಮಾತಾಡುವಂತಿಲ್ಲ. ರಚನಾ ರ್‍ಯಾಕೆಟ್ಟನ್ನು ತಲೆಯ ಮೇಲಕ್ಕೆ ಎತ್ತಿದ್ದಳು.

ಇಲ್ಲಿ ನನ್ನ ಪೆನ್ನು ನಿಂತಿತು. ಓದುಗರೇ, ನನ್ನ ಹತ್ತಿರ ಮೂರು ಅಂತ್ಯಗಳಿದ್ದವು. ಮೂರನ್ನೂ ತೋರಿಸುತ್ತೇನೆ, ನನ್ನನ್ನು ಆಡಿಕೊಳ್ಳಬೇಡಿ.

ಅಂತ್ಯ ಒಂದು. ಅಂಪೈರಮ್ಮನ ಮನಸ್ಸು ಕರಗುತ್ತದೆ. "ಹುಡುಗಿ ಬೇಕೆಂದು ಮಾಡಿದ್ದಲ್ಲ, ಮ್ಯಾಚ್ ಅವಳದೇ" ಎನ್ನುತ್ತಾರೆ. ಬರೆದು ಮುಗಿಸುವ ಮುಂಚೆಯೇ ರಚನಾ ಅಡ್ಡ ಬಂದಳು. "ಬೇಡ. ರೂಲ್ ಅಂದ್ರೆ ರೂಲ್. ಒರೆಸಿದ್ದು ನನ್ನ ಕಾಲು."

ಅಂತ್ಯ ಎರಡು. ರ್‍ಯಾಕೆಟ್ ನೆಲಕ್ಕೆ ಬಡಿಯುತ್ತದೆ, ಮುರಿಯುತ್ತದೆ, ಎಲ್ಲ ಮುಗಿಯುತ್ತದೆ. ಇದು ನನಗೆ ತುಂಬ ಇಷ್ಟವಾಗಿತ್ತು. ದುರಂತ ಬರೆದರೆ ವಿಮರ್ಶಕರು ಗೌರವ ಕೊಡುತ್ತಾರೆ. ಆದರೆ ವಾಕ್ಯದ ನಡುವೆ ಒಂದು ಕೊಡೆಯ ತುದಿ ಬಂದು ನನ್ನ ಕಾಗದದ ಮೇಲೆ ಊರಿ ನಿಂತಿತು. ಚಿಕ್ಕತಾಯಮ್ಮ.

"ಅಲ್ಲ ಕನಪ್ಪ, ನಿಂಗೆ ಹೆಣ್ಮಕ್ಕಳಿಲ್ವಾ? ಎಂಟು ತಿಂಗ್ಳಿಂದ ಆ ಮಗ ಹಲ್ಲು ಕಚ್ಕೊಂಡು ಕೋಪವ ಅದುಮ್ಕಂಡದೆ, ನಾ ಕಣ್ಣಾರೆ ಕಂಡಿವ್ನಿ. ಕೋಪದಲ್ಲಿ ಕುಯ್ದ ಮೂಗು ಸಾಂತವಾದ್ಮೇಲೆ ಬಂದದಾ? ನಿನ್ ಕತೆ ಚೆಂದಾಗ್ಲಿ ಅಂತ ನನ್ ಮೊಮ್ಮಗಳ ಕೈಲಿ ಆ ಬ್ಯಾಟ ಒಡುಸ್ಬೇಡ. ಅಳಿಸಾಕು."

ಅಳಿಸಿದೆ. ಆ ಮುದುಕಿಯ ಮುಂದೆ ವಾದ ಮಾಡುವ ಧೈರ್ಯ ನನಗಿಲ್ಲ. ಮತ್ತೆ, ನಿಜ ಹೇಳುತ್ತೇನೆ, ಅಳಿಸುವಾಗ ನನಗೆ ಖುಷಿಯಾಯಿತು.

ಅಂತ್ಯ ಮೂರು. ರಚನಾ ಮುಗುಳ್ನಗುತ್ತಾಳೆ. ಎದುರಾಳಿಗೆ ಕೈಮುಗಿಯುತ್ತಾಳೆ. ಮುಂದಿನ ಎರಡು ಪಾಯಿಂಟುಗಳನ್ನು ಸಲೀಸಾಗಿ ಗೆಲ್ಲುತ್ತಾಳೆ, ಸಂಯಮಕ್ಕೆ ಜಯವಾಗುತ್ತದೆ.

"ಛೀ" ಎಂದಳು ರಚನಾ.

೭

ರ್‍ಯಾಕೆಟ್ ಇನ್ನೂ ತಲೆಯ ಮೇಲೆಯೇ ಇದೆ. ಇಷ್ಟು ಹೊತ್ತೂ ಹಾಗೇ ಹಿಡಿದಿದ್ದಾಳೆ, ಪಾಪ, ನಾನು ನಿಮ್ಮ ಜೊತೆ ಹರಟುತ್ತ ಮರೆತೇಬಿಟ್ಟಿದ್ದೆ. ಮುಖ ಕೆಂಪಗಾಗಿದೆ. ಕಣ್ಣಲ್ಲಿ ನೀರು ತುಂಬಿದೆ, ಅದು ಅಳುವಲ್ಲ, ಉರಿ.

"ಅದು ಔಟ್ ಅಂಕಲ್. ನಿಮಗೆ ಗೊತ್ತು."

"ಗೊತ್ತು ಕಣಮ್ಮ. ಎರಡು ಬೆರಳು ಹೊರಗೆ."

"ಮತ್ತೆ ಯಾಕೆ ಹೀಗೆ ಮಾಡಿದ್ರಿ? ನಾನು ಎಲ್ಲಾ ಸರಿಯಾಗಿ ಮಾಡಿದೆ ತಾನೆ? ಕೋಚ್ ಹೇಳಿದ್ದು ಎಲ್ಲಾ ಮಾಡಿದೆ."

ಸಿಟ್ಟು ಮಾಡಿಕೊಂಡು ಸೋತವರ ಕಥೆ ಸುಲಭ, ತಪ್ಪು ಅವರದೇ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಎಲ್ಲ ಸರಿಯಾಗಿ ಮಾಡಿ ಪೆಟ್ಟು ತಿಂದವಳಿಗೆ ಏನು ಹೇಳುವುದು? "ತಪ್ಪಾಯಿತು" ಎಂದೆ. ಆ ಪಾಯಿಂಟನ್ನು ಬದಲಿಸಿ ಬರೆಯುತ್ತೇನೆ, ಒರೆಸದ ಹಾಗೆ ಮಾಡುತ್ತೇನೆ ಎಂದೂ ಹೇಳಿದೆ. ನಿಜವಾಗಿಯೂ ಹೇಳಿದೆ. ಕಥೆ ಕೆಟ್ಟರೆ ಕೆಡಲಿ ಎನಿಸಿತ್ತು.

ಅವಳು ಕೈ ಇಳಿಸಿದಳು. ಬಡಿಯಲಿಲ್ಲ, ಇಳಿಸಿದಳು. ರ್‍ಯಾಕೆಟ್ಟನ್ನು ಬಲಗೈಗೆ ಕೊಟ್ಟು ಎಡಗೈಯನ್ನು ಸ್ಕರ್ಟಿಗೆ ಒರೆಸಿಕೊಂಡಳು.

"ಬೇಡ. ಅದು ಆಗಿಹೋಯ್ತು" ಎಂದಳು. "ನಂಗೆ ಈಗಲೂ ಭಯಂಕರ ಕೋಪ ಇದೆ. ನೀವು ಶಾಂತವಾದಳು ಅಂತ ಮಾತ್ರ ಬರೀಬೇಡಿ."

"ಬರೆಯೋದಿಲ್ಲ."

ಅವಳು ಬೇಸ್‌ಲೈನಿಗೆ ನಡೆದಳು. ನಾನು ಜಾಲರಿಯ ಹೊರಗೆ ಬಂದು ಮಧುಸೂದನ್ ಪಕ್ಕ ನಿಂತೆ. ಅವರು ತಲೆಯಿಂದ ಕೈ ತೆಗೆದಿದ್ದರು. "ನಾನು ಅರ್ಧ ಪಾಠ ಹೇಳ್ಕೊಟ್ಟಿದೀನಿ ಸಾರ್" ಎಂದರು ಮೆಲ್ಲಗೆ. "ಬಾಕಿ ಅರ್ಧ ನಾಳೆ ಹೇಳ್ಕೊಡಬೇಕು. ಬೆಳಿಗ್ಗೆ ಆರಕ್ಕೆ. ಗೆದ್ದರೂ ಸರಿ, ಸೋತರೂ ಸರಿ."

೮

ನಿಮಗೆ ಫಲಿತಾಂಶ ಬೇಕು. ಗೊತ್ತು. ಇಷ್ಟು ಓದಿಸಿ ಕೊನೆಗೆ ಕೈಕೊಡುತ್ತಾನೆ ಎಂದು ಬೈದುಕೊಳ್ಳುತ್ತಿದ್ದೀರಿ. ಮಾಧವಿಯೂ ಅದನ್ನೇ ಕೇಳಿದಳು, "ಗೆದ್ದಳೋ ಇಲ್ವೋ ಅಷ್ಟು ಹೇಳಿ ಸಾಕು." ನನಗೂ ಆಸೆಯಿದೆ. ಚೆಂಡು ಗೆರೆಯ ಮೂಲೆಗೆ ಹೋಗಿ ಬೀಳುವಂತೆ, ಕೊಯಮತ್ತೂರಿನವಳು ಕೈಚಾಚಿದರೂ ತಾಗದಂತೆ ಬರೆಯಲು ನನಗೆ ಅರ್ಧ ನಿಮಿಷ ಸಾಕು. ಪೆನ್ನು ಕೈಯಲ್ಲೇ ಇದೆ. ಮೊದಲ ಪದ ಬರೆದೂ ಬಿಟ್ಟೆ.

ರಚನಾ ಚೆಂಡನ್ನು ಎರಡು ಸಲ ಪುಟಿಸಿ ನಿಲ್ಲಿಸಿದಳು. ತಲೆಯೆತ್ತಿ ನನ್ನತ್ತ ನೋಡಿದಳು.

"ಅಂಕಲ್, ಕೊಂಚಂ ಸುಮ್ಮಾ ಇರುಂಗ. ನಾನು ಸರ್ವ್ ಮಾಡ್ಬೇಕು."