ಚಿಕುಯಾಕನ ಹೆಸರಿಗೆ ತಂದ ನೀರು

ಮತ್ರೋನಾ ಎರಡು ವಿಮಾನ ಬದಲಿಸಿ ಆಂಕರೇಜಿಗೆ ಬಂದದ್ದು ಒಂದೇ ಕೆಲಸಕ್ಕೆ, ಮಗಳು ಹೆತ್ತ ಕೂಸಿಗೆ ಸತ್ತ ಮಗನ ಹೆಸರಿಡುವುದಕ್ಕೆ. ಮಗಳು ಒಲಿಂಕಾ ಅದೊಂದನ್ನು ಬಿಟ್ಟು ತಾಯಿ ಬೇರೇನು ಕೇಳಿದ್ದರೂ ಕೊಟ್ಟುಬಿಡುತ್ತಿದ್ದಳು.

ಕುಸ್ಕೊಕ್ವಿಮ್ ಹೊಳೆಯ ದಡದ ಮತ್ರೋನಾಳ ಹಳ್ಳಿಯಲ್ಲಿ ಸತ್ತವರನ್ನು ಬಹಳ ದಿನ ಹೊರಗೆ ನಿಲ್ಲಿಸುವುದಿಲ್ಲ. ಮುಂದೆ ಹುಟ್ಟಿದ ಕೂಸಿನ ನೆತ್ತಿಗೆ ನಾಲ್ಕು ದಿಕ್ಕಿಗೂ ನೀರು ಚಿಮುಕಿಸಿ, ತುಟಿಗೆ ಒಂದು ಹನಿ ಮುಟ್ಟಿಸಿ, ಹೋದವನ ಹೆಸರು ಹೇಳುತ್ತಾರೆ. ಅಲ್ಲಿಗೆ ಅವನ ಬಾಯಾರಿಕೆ ತೀರಿತು, ಅವನು ಮನೆ ಸೇರಿದ. ಆಮೇಲೆ ಆ ಕೂಸನ್ನು ಅಜ್ಜಿಯೂ ಮಗನೇ ಎಂದು ಕರೆಯುತ್ತಾಳೆ. ಚರ್ಚಿನಲ್ಲಿ ಪಾದ್ರಿ ಇಡುವ ಹೆಸರು ದೇವರಿಗೆ, ನೀರಿನ ಹೆಸರು ಮನೆಯವರಿಗೆ. ಎರಡಕ್ಕೂ ತಿಕ್ಕಾಟವಿದೆಯೆಂದು ಮತ್ರೋನಾಳಿಗೆ ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅನ್ನಿಸಿರಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ ಬಿಚ್ಚಿದಳು. ಒಣಮೀನು, ಡಬ್ಬಿಯಲ್ಲಿ ಸೀಲ್ ಎಂಬ ಕಡಲಪ್ರಾಣಿಯ ಎಣ್ಣೆ, ಅವುಗಳ ನಡುವೆ ಟವೆಲಿನಲ್ಲಿ ಸುತ್ತಿದ ಒಂದು ಬಾಟಲಿ ನೀರು.

"ಹೊಳೆ ನೀರು. ಮೇಲಿನ ಮಂಜುಗಡ್ಡೆ ಒಡೆದ ದಿನಾನೇ ತುಂಬಿಸ್ಕೊಂಡೆ. ನಿಮ್ಮೂರ ನಲ್ಲಿ ನೀರು ಅವನಿಗೆ ಹಿಡಿಸಲ್ಲ."

"ಅವ್ವಾ, ಮೊದಲು ಒಂದಿಷ್ಟು ಟೀ ಕುಡಿ."

ಕಿಟಕಿಯಾಚೆ ಕುದುರೆಯಷ್ಟು ಎತ್ತರದ ಮೂಸ್ ಜಿಂಕೆಯೊಂದು ಪಕ್ಕದ ಮನೆಯವರ ಗಿಡದ ಚಿಗುರನ್ನು ಸಾವಕಾಶವಾಗಿ ಮೇಯುತ್ತಿತ್ತು. ಮತ್ರೋನಾ ಕಣ್ಣು ಕಿರಿದು ಮಾಡಿ ಅದರ ತೊಡೆಯನ್ನು ಅಳೆದಳು.

"ಇಡೀ ಚಳಿಗಾಲದ ಸಾರು ಅಲ್ಲೇ ನಿಂತಿದೆ. ನೀವು ಅದಕ್ಕೆ ದಾರಿ ಬಿಟ್ಟು, ಅಂಗಡಿಗೆ ಹೋಗಿ ಕೋಳಿ ತರ್ತೀರಿ."

"ಇಲ್ಲಿ ಗುಂಡು ಹಾರಿಸಿದ್ರೆ ಪೊಲೀಸ್ ಬರ್ತಾರೆ."

"ಬರ್ಲಿ. ಅವರಿಗೂ ಒಂದು ಬಟ್ಟಲು ಬಡಿಸೋಣ."

ಒಲಿಂಕಾ ನಕ್ಕಳು. ಜನವರಿಯಿಂದೀಚೆಗೆ ತಾಯಿಯ ಎದುರು ಅವಳು ನಕ್ಕದ್ದು ಅದೇ ಮೊದಲು. ಗಂಡ ಉತ್ತರದ ಎಣ್ಣೆ ಬಾವಿಗಳಲ್ಲಿ ಎರಡು ವಾರದ ಪಾಳಿಗೆ ಹೋಗಿದ್ದ. ಅವನಿಲ್ಲದ ಈ ದಿನಗಳು ಹೀಗೇ ನಗುತ್ತಾ ಕಳೆದುಹೋದರೆ ಸಾಕು ಎಂದುಕೊಂಡಳು.

ಆದರೆ ಮತ್ರೋನಾ ತೊಟ್ಟಿಲ ಬಳಿ ಹೋಗಿ ನಿಂತಾಗಿತ್ತು. ಎದೆಯ ಮೇಲೆ ಶಿಲುಬೆಯ ಗುರುತು ಬರೆದುಕೊಂಡು, ಕೂಸಿನ ಕಿವಿಯನ್ನು ಬೆರಳಿನಿಂದ ಮಡಿಸಿ ನೋಡಿದಳು. "ಅವನದೇ ಕಿವಿ. ಬಟ್ಟಲು ತಾ."

"ಹೆಸರು ಆಗ್ಲೇ ಇಟ್ಟಾಗಿದೆಯಲ್ಲವ್ವಾ."

"ಅದು ಕಾಗದದ ಹೆಸರು. ನಾನು ಕೇಳ್ತಿರೋದು ಬಟ್ಟಲು."

"ಬೇಡವ್ವಾ. ಬೇರೆ ಯಾರ ಹೆಸರಾದ್ರೂ ಇಡು. ಅಪ್ಪನ ಹೆಸರು ಇಡು."

"ಅಪ್ಪ ಯಾವತ್ತೋ ಬಂದ, ನಿನ್ನ ದೊಡ್ಡಮ್ಮನ ಮನೇಲಿ ಮೊಮ್ಮಗನಾಗಿ ಇದಾನೆ, ಶಾಲೆಗೂ ಹೋಗ್ತಿದಾನೆ. ಹೊರಗೆ ಉಳಿದೋನು ಇವನೊಬ್ಬನೇ." ಮತ್ರೋನಾ ತಿರುಗಿ ಮಗಳನ್ನು ನೋಡಿದಳು. "ನನಗೆ ಒಂದೇ ಒಂದು ತಿಳೀತಿಲ್ಲ ಕಣೆ. ಬಯಲಲ್ಲಿ ಬಿರುಗಾಳಿಗೆ ಸಿಕ್ಕಿ, ಮಂಜಲ್ಲಿ ಗುಂಡಿ ತೋಡ್ಕೊಂಡು, ಮೂರು ದಿನ ಕೂತು ಬದುಕಿ ಬಂದ ಹುಡುಗ ಅವನು. ನಿನ್ನ ಮನೆಯಿಂದ ನಾಲ್ಕು ಬೀದಿ ಆಚೆ ಹೇಗೆ ಹೆಪ್ಪುಗಟ್ಟಿ ಸತ್ತ?"

ಆ ಜನವರಿಯಲ್ಲಿ ತಮ್ಮ ಚಿಕುಯಾಕ್ ಕಿವಿನೋವಿಗೆ ಔಷಧ ಮಾಡಿಸಿಕೊಳ್ಳಲು ನಗರಕ್ಕೆ ಬಂದಿದ್ದ. ಕಿವಿ ವಾಸಿಯಾಯಿತು, ಮರಳುವ ವಿಮಾನ ಕುಡಿತದಲ್ಲಿ ತಪ್ಪಿಹೋಯಿತು. ಕೊನೆಗೆ ಊರ ನಡುವೆಯೇ ಹರಿಯುವ ತೊರೆಯ ಪಕ್ಕದ ಕಾಡಿನಲ್ಲಿ, ಕಾರುಗಳ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿ ಸಿಕ್ಕಿದ. ದಾರಿ ತಪ್ಪಿರಬೇಕು ಎಂದು ಒಲಿಂಕಾ ಹಳ್ಳಿಗೆ ಫೋನಿನಲ್ಲಿ ಹೇಳಿದ್ದಳು. ಆ ಮಾತು ನಾಲ್ಕು ತಿಂಗಳು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಆ ಹೆಸರನ್ನು ದಿನಕ್ಕೆ ಹತ್ತು ಸಲ ಕರೆದು, ಎದೆಗೆ ಒತ್ತಿಕೊಂಡು, ಹಾಲೂಡುವುದು ತನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು.

"ದಾರಿ ತಪ್ಪಿರಲಿಲ್ಲ," ಎಂದಳು. "ಇಲ್ಲಿಗೆ ಬಂದಿದ್ದ."

ಮತ್ರೋನಾ ತೊಟ್ಟಿಲ ಅಂಚು ಹಿಡಿದುಕೊಂಡಳು.

"ಸಂಜೆ ಐದಾಗಿತ್ತು, ಆಗ್ಲೇ ಕತ್ತಲಾಗಿತ್ತು. ಹಿಂದೆ ಎರಡು ಸಲ ಕುಡಿದು ಬಂದು ಗಲಾಟೆ ಮಾಡಿದ್ದ. ಇನ್ನೊಂದು ಸಲ ಅವನನ್ನ ಒಳಗೆ ಬಿಟ್ರೆ ನಾನೇ ಹೊರಗೆ ಹೋಗ್ತೀನಿ ಅಂದಿದ್ರು ಇವರು. ನಾನು ದೀಪ ಆರಿಸಿ ಕೂತೆ ಅವ್ವಾ. ಅವನು ಬಾಗಿಲು ತಟ್ಟಲಿಲ್ಲ. ನಮ್ಮ ಹಳ್ಳೀಲಿ ಯಾರು ತಟ್ತಾರೆ? ಹಿಡಿ ತಿರುಗಿಸಿದ. ಭುಜ ಕೊಟ್ಟು ನೂಕಿದ. ಚಿಲಕ ಹಾಕಿದೀನಿ ಅಂತ ಅವನ ತಲೆಗೇ ಹೋಗ್ಲಿಲ್ಲ. 'ಅಕ್ಕಾ, ನಿನ್ನ ಬಾಗಿಲು ಮಂಜಿಗೆ ಕಚ್ಕೊಂಡ್‌ಬಿಟ್ಟಿದೆ, ಬೆಳಿಗ್ಗೆ ಬಂದು ಬಿಡಿಸಿಕೊಡ್ತೀನಿ' ಅಂದ. ಅಂದು ಹೊರಟುಹೋದ."

ಕೂಸು ನಿದ್ದೆಯಲ್ಲಿ ತುಟಿ ಚಪ್ಪರಿಸಿತು. ಮತ್ರೋನಾ ಕುರ್ಚಿ ಎಳೆದುಕೊಂಡು ಕೂತಳು. ಬಹಳ ಹೊತ್ತು ಅವಳ ತುಟಿ ಮಾತ್ರ ಅಲುಗುತ್ತಿತ್ತು. ಪ್ರಾರ್ಥನೆ ಮಗನಿಗೋ ಮಗಳಿಗೋ ತಿಳಿಯುವಂತಿರಲಿಲ್ಲ. ಮುಗಿದ ಮೇಲೆ ಎದ್ದು, ಬಾಟಲಿಯನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು.

ಒಲಿಂಕಾಳಿಗೆ ಒಂದು ಗಳಿಗೆ ಎದೆ ಹಗುರಾಯಿತು. ಮರುಗಳಿಗೆಗೆ, ಅದುವರೆಗೆ ಅವಳೇ ಅರಿಯದಿದ್ದ ಒಂದು ಆಸೆ ಎದ್ದು ಬಂತು.

"ಅವ್ವಾ, ಇಡು. ಅವನದೇ ಹೆಸರು ಇಡು. ಈ ಸಲ ನಾನು ನೋಡ್ಕೋತೀನಿ."

"ಬೈತಿಲ್ಲ ಮಗಳೇ," ಎಂದಳು ಮತ್ರೋನಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದಿದ್ದರೆ ಒಲಿಂಕಾ ತಡೆದುಕೊಳ್ಳುತ್ತಿದ್ದಳು. "ದೇವರು ನಿನ್ನ ಕ್ಷಮಿಸ್ತಾನೆ, ನಾನೂ ಕ್ಷಮಿಸಿದೀನಿ. ಆದ್ರೆ ಒಂದು ಸಲ ಅವನು ಈ ಬಾಗಿಲಿಗೆ ಬಂದು ನಿಂತ. ಇನ್ನೊಂದು ಸಲ ಅವನನ್ನ ಇಲ್ಲಿಗೇ ಕಳಿಸು ಅಂದ್ರೆ ಹೇಗೆ? ನಾನು ತಾಯಿ ಕಣೆ."

ಒಲಿಂಕಾ ತಾನೇ ಬಟ್ಟಲು ತಂದು ಮುಂದೆ ಹಿಡಿದಳು. ಮತ್ರೋನಾ ಅದನ್ನು ತೆಗೆದುಕೊಂಡು, ಅದರಲ್ಲಿ ಒಣಮೀನು ಮುರಿದು ಹಾಕಿ, ಎಣ್ಣೆ ಸುರಿದು, ಬಾಣಂತಿಯ ಕೈಗೆ ಕೊಟ್ಟಳು. "ತಿನ್ನು. ಹಾಲು ಬರುತ್ತೆ."

ಇನ್ನೂ ಐದು ದಿನ ಇದ್ದಳು. ಕೂಸಿಗೆ ಎರೆದಳು, ಮೈ ಒರೆಸಿದಳು, ಕಾಗದದ ಹೆಸರಿನಿಂದಲೇ ಕರೆದಳು. ಆ ಹೆಸರನ್ನು ತಪ್ಪಿಲ್ಲದೆ ಹೇಳಲು ಪಾಠದಂತೆ ಬಾಯಿಪಾಠ ಮಾಡಿಕೊಂಡಿದ್ದಳು. ಹೊರಡುವಾಗ ಮೀನು, ಎಣ್ಣೆ ಎಲ್ಲ ಬಿಟ್ಟು ಬಾಟಲಿಯೊಂದನ್ನೇ ಒಯ್ದಳು.

ಜೂನಿನಲ್ಲಿ ಒಲಿಂಕಾಳೇ ಫೋನು ಮಾಡಿದಳು. ಚಿಕ್ಕಮ್ಮನ ಮಗಳಿಗೆ ಹೆಣ್ಣು ಹುಟ್ಟಿದೆ, ಚಿಕುಯಾಕನ ಹೆಸರು ಕೊಟ್ಟಾಯಿತು ಎಂದಳು ತಾಯಿ. ಹೆಸರಿಗೆ ಗಂಡು ಹೆಣ್ಣೆಂಬುದಿಲ್ಲ. ಫೋನಿನಾಚೆ ಮನೆ ತುಂಬ ಜನ, ನಗು, ಬಾಗಿಲು ತೆರೆದು ಮುಚ್ಚುವ ಸದ್ದು. ಅದರ ನಡುವೆ ಎಳೆಗೂಸೊಂದು ಅಳತೊಡಗಿತು.

"ಕೇಳಿಸ್ತಾ? ನಿನ್ನ ತಮ್ಮ," ಎಂದಳು ಮತ್ರೋನಾ.

"ಅವ್ವಾ, ಒಂದು ಗಳಿಗೆ ಅವನ ಕಿವಿ ಹತ್ರ ಫೋನು ಹಿಡೀತೀಯಾ?"

ಅತ್ತ ತಾಯಿ ಕೂಸನ್ನು ಎತ್ತಿಕೊಂಡು ಸಮಾಧಾನ ಮಾಡುವುದು ಕೇಳಿಸಿತು.

"ಈಗ ಬೇಡ. ಹಸಿದಿದಾನೆ," ಎಂದು ಫೋನು ಇಟ್ಟಳು.