ಹದಿನಾಲ್ಕು ಗುಲಗಂಜಿ ತೂಕದ ಗುಂಡು

ನಾನು ಒಂದು ಗಾಳಿ ಬಂದೂಕು. ನನಗೆ ಮದ್ದು ಬೇಡ, ನನ್ನಿಂದ ಹೊಗೆಯೂ ಏಳುವುದಿಲ್ಲ. ಹೊಟ್ಟೆಯ ಸಿಲಿಂಡರಿಗೆ ಪಂಪು ಹೊಡೆದು ತುಂಬಿಸಿದ ಗಾಳಿಯೇ ನನ್ನ ಉಸಿರು, ಅದೇ ನನ್ನ ಬಲ. ಕಾರ್ಖಾನೆಯೊಂದರಲ್ಲಿ ಉಕ್ಕಿನ ಸರಳಿಗೆ ತೂತು ಕೊರೆದು, ಒಳಗೆ ಸುರುಳಿ ಗೀರುಗಳನ್ನೆಳೆದು, ಮರದ ಹಿಡಿ ಕೂಡಿಸಿ ನನ್ನನ್ನು ಮಾಡಿದರು. ನಳಿಗೆಯ ತೂತಿನ ಅಗಲವೇ ನಮ್ಮಲ್ಲಿ ಅಡ್ಡಹೆಸರು. ನನ್ನದು ಪಾಯಿಂಟ್ ಟೂ ಟೂ.

ಹುಬ್ಬಳ್ಳಿಯ ಅಂಗಡಿಯ ಗಾಜಿನ ಕಪಾಟಿನಲ್ಲಿ ನಾವು ಮೂವರಿದ್ದೆವು. ಎಡಕ್ಕೆ ಸಣಕಲು ಒನ್ ಸೆವೆನ್ ಸೆವೆನ್, ನಡುವೆ ನಾನು, ಬಲಕ್ಕೆ ದಪ್ಪ ಬಾಯಿಯ ಟೂ ಫೈವ್. ಬಂದವರೆಲ್ಲ ಮೊದಲು ಅವನನ್ನೇ ಎತ್ತಿ ನೋಡುತ್ತಿದ್ದರು. ಅವನಿಗೂ ಅದರ ಕೊಬ್ಬು ಸಾಕಷ್ಟಿತ್ತು ಅನ್ನಿ.

ಒಂದು ದಿನ ಲೈಸೆನ್ಸಿನ ಕಾಗದ ಹಿಡಿದುಕೊಂಡು ಗದಗಿನ ಅಕ್ಕಸಾಲಿ ಮೌನೇಶ ಪತ್ತಾರರು ಬಂದರು. ಜೊತೆಗೆ ಅವರ ಗೆಳೆಯ, ಸೈಕಲ್ ಅಂಗಡಿಯ ಅಲ್ಲಾಸಾಬ್ ನದಾಫ್. ಇಬ್ಬರಿಗೂ ನೂರು ಮೀಟರ್ ದೂರಕ್ಕೆ ಸ್ಲಗ್ ಹೊಡೆಯುವ ಹುಚ್ಚು. ಸಾಮಾನ್ಯ ಗುಂಡಿಗೆ ಡಮರುವಿನಂತೆ ಸೊಂಟವಿರುತ್ತದೆ. ಸ್ಲಗ್ ಎಂದರೆ ಸೊಂಟವಿಲ್ಲದ ಗಟ್ಟಿ ಸೀಸದ ತುಂಡು, ದೂರ ಹೋದರೂ ಗಾಳಿಗೆ ಬೇಗ ಸೋಲುವುದಿಲ್ಲ.

“ಪತ್ತಾರ, ವಿಚಾರ ಏನ್ ಮಾಡ್ತೀರಿ? ದೊಡ್ಡದು ತಗೋರಿ,” ಎಂದರು ಅಲ್ಲಾಸಾಬ್. “ಕಪ್ಪತಗುಡ್ಡದ ಗಾಳಿ ಅದನ್ನೇನೂ ಮಾಡಂಗಿಲ್ಲ.”

ಪತ್ತಾರರು ಕಿಸೆಯಿಂದ ಚಿಕ್ಕ ತಕ್ಕಡಿ ತೆಗೆದರು. ಜೊತೆಗೆ ಒಂದು ಚೀಲ ಗುಲಗಂಜಿ! ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಮೂರೂ ಅಳತೆಯ ಸ್ಲಗ್‌ಗಳನ್ನು ಬಂಗಾರ ತೂಗಿದಂತೆ ತೂಗಿದರು. ಸಣಕಲಿನದು ಏಳು ಗುಲಗಂಜಿ, ನನ್ನದು ಹದಿನಾಲ್ಕು, ದಪ್ಪನದು ಹತ್ತೊಂಬತ್ತು.

“ಒಮ್ಮೆ ಗಾಳಿ ತುಂಬಿದ್ರ ಎಷ್ಟು ಹೊಡೀತಾವು?”

ದಪ್ಪನದು ಹದಿನೆಂಟಕ್ಕೆ ಸುಸ್ತಾಗುತ್ತದೆ, ನಡುವಿನದು ಮೂವತ್ತರವರೆಗೂ ಬರುತ್ತದೆ ಎಂದ ಅಂಗಡಿಯವನು.

“ನಮ್ಮ ಪಂದ್ಯಕ್ಕ ಇಪ್ಪತ್ತೈದು ಗುಂಡು. ನಡುವ ಪಂಪ್ ಹೊಡಿಯೂಹಂಗಿಲ್ಲ. ಸಣ್ಣದು ಗಾಳಿಗೆ ಹಾರತೈತಿ, ದೊಡ್ಡದು ಅರ್ಧಕ್ಕ ಕೈ ಕೊಡತೈತಿ. ನನಗ ಇದ ಇರಲಿ,” ಎಂದು ಪತ್ತಾರರು ನನ್ನನ್ನು ಎತ್ತಿಕೊಂಡರು. ದಪ್ಪನನ್ನು ಅಲ್ಲಾಸಾಬರು ಕೊಂಡರು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಗುಡ್ಡದ ಬುಡದಲ್ಲಿ ಕೆಲಸ ನಿಂತುಹೋದ ಒಂದು ಕಲ್ಲುಕ್ವಾರಿ. ಮೇಲೆ ಗಾಳಿಯಂತ್ರಗಳ ಸಾಲು. ಪಂದ್ಯ ನಡೆಯುವುದು ಅಲ್ಲಿಯೇ, ವರ್ಷಕ್ಕೊಮ್ಮೆ, ಎಳ್ಳ ಅಮಾವಾಸ್ಯೆಯ ಮರು ರವಿವಾರ. ಚಹಾ ಬಸಿಯಷ್ಟಗಲದ ಉಕ್ಕಿನ ಬಿಲ್ಲೆಗೆ ನೂರು ಮೀಟರಿನಿಂದ ಹೊಡೆಯಬೇಕು. ಉಳಿದ ದಿನ ಪತ್ತಾರರು ಚೆನ್ನಾಗಿಯೇ ಹೊಡೆಯುತ್ತಿದ್ದರು. ಪಂದ್ಯದ ದಿನ ಮಾತ್ರ ಮೊದಲ ಐದು ಗುಂಡು ಎಲ್ಲೆಲ್ಲಿಗೋ ಹೋಗುತ್ತಿದ್ದವು. ಅಲ್ಲಾಸಾಬರ ದಪ್ಪ ಕೊನೆಯ ಏಳು ಗುಂಡು ಕೆಳಗೆ ಬೀಳಿಸಿದರೂ ಒಂದೆರಡು ಏಟು ಮುಂದೆಯೇ ಇರುತ್ತಿದ್ದ.

ಕಾರಣ ನನಗೆ ಗೊತ್ತಿತ್ತು. ಆದರೆ ಬಂದೂಕಿಗೆ ಬಾಯಿ ಇರುವುದು ಗುಂಡು ಉಗುಳಲಿಕ್ಕೆ, ಮಾತಾಡಲಿಕ್ಕಲ್ಲ. ಎಳ್ಳ ಅಮಾವಾಸ್ಯೆಗೆ ಪತ್ತಾರರ ಮನೆಯಲ್ಲಿ ಕುಲುಮೆಗೆ ರಜೆ. ಇಕ್ಕಳ, ಸುತ್ತಿಗೆ, ಅರ ಎಲ್ಲವನ್ನೂ ತಿಕ್ಕಿ ತೊಳೆದು ಪೂಜೆಗಿಡುತ್ತಾರೆ. ಅವುಗಳ ಸಾಲಿನಲ್ಲಿ ನಾನೂ ಒಬ್ಬ. ಸರಳಿಗೆ ಬಟ್ಟೆ ಸುತ್ತಿ ನನ್ನ ನಳಿಗೆಯ ಒಳಗನ್ನು ಹೊಸ ಬಂಗಾರದಂತೆ ಹೊಳೆಯುವವರೆಗೆ ತಿಕ್ಕುತ್ತಿದ್ದರು; ಆಮೇಲೆ ಎತ್ತುತ್ತಿದ್ದುದು ಪಂದ್ಯದ ದಿನವೇ. ಸೀಸ ಉಜ್ಜಿ ಉಜ್ಜಿ ಒಳಗೆ ಕೂತಿದ್ದ ತೆಳು ಮಸಿಯೆಲ್ಲ ಹೋಗುತ್ತಿತ್ತು. ಅದು ಮತ್ತೆ ಕೂರುವವರೆಗೆ ಗುಂಡು ನನ್ನ ಮಾತು ಕೇಳುತ್ತಿರಲಿಲ್ಲ. ಅಲ್ಲಾಸಾಬರು ಮಹಾ ಸೋಮಾರಿ. ದಪ್ಪನನ್ನು ಒಂದು ದಿನವೂ ತೊಳೆದವರಲ್ಲ, ಅದೇ ಅವನ ಪುಣ್ಯ.

ಆರನೆಯ ವರ್ಷಕ್ಕೆ ಪತ್ತಾರರ ಕಣ್ಣು ಮಂಜಾಯಿತು. ನಾನು ಅವರ ಸೊಸೆ ಸುಗಂಧಾಳ ಕೈಗೆ ಬಂದೆ. ಎರಡು ವರ್ಷ ಮಾವನ ಪಕ್ಕದಲ್ಲಿ ದುರ್ಬೀನು ಹಿಡಿದು ಗುಂಡು ಎಲ್ಲಿ ಬಿತ್ತೆಂದು ಹೇಳುತ್ತಿದ್ದವಳು ಅವಳೇ. ಎಂಥ ಕೈ ಅದು! ಬೆರಳಿನಿಂದ ನನ್ನ ಕುದುರೆ ಎಳೆದದ್ದು ನನಗೇ ತಿಳಿಯುತ್ತಿರಲಿಲ್ಲ. ಆದರೂ ಅವಳ ಮೊದಲ ಪಂದ್ಯದಲ್ಲಿ ಅದೇ ಹಾಡು: ಐದು ಗುಂಡು ಹಾಳು.

ಪತ್ತಾರರು ಅವತ್ತು ಊಟ ಮಾಡಲಿಲ್ಲ. “ನಿನ್ನ ಕೈಯಾಗ ತಪ್ಪಿಲ್ಲವಾ. ನಾ ಆರಿಸಿದ್ದ ತಪ್ಪು,” ಎಂದರು. “ಮುಂದಿನ ವರ್ಷಾನೂ ಹಿಂಗಾತಂದ್ರ ಇದನ್ನ ಕೊಟ್ಟು ದೊಡ್ಡದು ತರೂಣು.”

ನನಗೆ ದುಃಖವಾಯಿತು. ಹೋಗಬೇಕಲ್ಲ ಎನ್ನುವುದಕ್ಕಿಂತ, ತಾನು ತೂಗಿ ಆರಿಸಿದ್ದು ತಪ್ಪೆಂದು ಆ ಅಕ್ಕಸಾಲಿ ನಂಬಿಬಿಟ್ಟರಲ್ಲ ಎಂದು.

ಮರುವರ್ಷದ ಅಮಾವಾಸ್ಯೆ ಬಂತು. ಪತ್ತಾರರು ಸರಳಿಗೆ ಬಟ್ಟೆ ಸುತ್ತಿ ಕೂತಿದ್ದರು. ರೊಟ್ಟಿ ಬಡಿಯುತ್ತಿದ್ದ ಸುಗಂಧಾ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

“ಮಾವಾರ, ಈ ಸಲ ಇದರ ಒಳಗ ತಿಕ್ಕಬ್ಯಾಡ್ರಿ.”

“ಹೊಲಸು ಹತಾರ ಇಟ್ಟು ಪೂಜಿ ಮಾಡ್ಲೇನು? ಕಾಳಮ್ಮ ಒಪ್ಪತಾಳೇನವಾ?”

“ರೊಟ್ಟಿ ಹಂಚು ನೋಡ್ರಿ. ತಿಕ್ಕಿ ಬೆಳ್ಳಗ ಮಾಡಿದ ದಿನ ಮೊದಲಿನ ನಾಕೈದು ರೊಟ್ಟಿ ಹಿಡಕೊಂಡು ಹರೀತಾವು, ಆಮ್ಯಾಲೆ ಹಂಚು ಹದಕ್ಕ ಬರತೈತಿ. ಇದೂ ಹಂಗ ಐತ್ರಿ. ಬರೇ ಅಮಾಸಿ ಆದ ಮ್ಯಾಲ ಅಷ್ಟ ಮೊದಲಿನ ಐದು ತಪ್ಪತಾವು. ದುರ್ಬೀನ್ ಹಿಡದು ನಾನ ನೋಡೀನಿ.”

ಪತ್ತಾರರ ಕೈ ನಿಂತಿತು. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಅಮಾವಾಸ್ಯೆಯ ದಿನ ತೊಳೆಯದ ಹತಾರವನ್ನು ಅವರು ಪೂಜೆಗಿಟ್ಟಿರಲಿಲ್ಲ. ಸರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದರು. ಕೊನೆಗೆ ಆ ಸರಳನ್ನು ಸೊಸೆಯ ಕೈಗೆ ಕೊಟ್ಟರು.

“ಒಳಗ ಇಟ್ಟುಬಿಡವಾ. ಕಣ್ಣಿಗೆ ಬಿದ್ರ ನನ್ನ ಕೈ ಸುಮ್ನಿರಂಗಿಲ್ಲ.”

ರವಿವಾರ ಕ್ವಾರಿಯಲ್ಲಿ ಗಾಳಿ ಜೋರಿತ್ತು. ಪತ್ತಾರರಿಗೆ ಬಿಲ್ಲೆ ಕಾಣುತ್ತಿರಲಿಲ್ಲ. ಎಡ ಅಂಗೈಯಲ್ಲಿ ಇಪ್ಪತ್ತೈದು ಗುಲಗಂಜಿ ಹಿಡಿದು ಹಿಂದೆ ಕುಳಿತರು. ಸುಗಂಧಾ ನನ್ನ ಹಿಡಿಗೆ ಕೆನ್ನೆ ತಾಗಿಸಿದಳು. ಠಣ್! ಒಂದು ಕಾಳು ಬಲಗೈಗೆ ಹೋಯಿತು. ಠಣ್, ಠಣ್, ಠಣ್. ಐದನೆಯದೂ ಠಣ್ಣೆಂದಾಗ ಪತ್ತಾರರು ಚಪ್ಪಾಳೆ ತಟ್ಟಿಬಿಟ್ಟರು, ಕಾಳುಗಳೆಲ್ಲ ನೆಲಕ್ಕೆ ಚೆಲ್ಲಿದವು. ಆಮೇಲೆ ಅವರು ಎಣಿಸಲಿಲ್ಲ. ಎಣಿಸಿದ್ದು ಅಲ್ಲಾಸಾಬರು: ಇಪ್ಪತ್ತಮೂರು. ಅವರದು ಹದಿನೇಳು.

“ನಡುವಿನ ಬಂದೂಕ ಬರೋಬ್ಬರಿ ಇತ್ತು ಬಿಡ್ರಿ ಪತ್ತಾರ,” ಎಂದರು ಅಲ್ಲಾಸಾಬ್, ನೆಲದ ಗುಲಗಂಜಿಗಳನ್ನು ಆರಿಸಿಕೊಡುತ್ತ.

ಪತ್ತಾರರು ನನ್ನ ಬೆನ್ನು ಸವರಿದರು. “ಆರು ವರ್ಷ ನಿನ್ನ ಬೈದ್ನೆಲ್ಲೋ ನನ್ನಪ್ಪಾ,” ಎಂದು ಅತ್ತೇಬಿಟ್ಟರು.

ಈಗ ನಾನು ಹಳಬ. ವಾಷರುಗಳು ಸವೆದು ಗಾಳಿ ನಿಲ್ಲುವುದಿಲ್ಲ. ಸುಗಂಧಾ ಹೊಸದೊಂದನ್ನು ತಂದಿದ್ದಾಳೆ. ಅದೂ ಟೂ ಟೂ ಎಂಬುದು ನನಗೊಂದು ಹೆಮ್ಮೆ. ಕುಲುಮೆಯ ಮೂಲೆಯ ಗೂಟಕ್ಕೆ ನನ್ನನ್ನು ತೂಗುಹಾಕಿದ್ದಾರೆ. ಅಮಾವಾಸ್ಯೆಗೆ ಇಕ್ಕಳ, ಸುತ್ತಿಗೆಗಳು ಥಳಥಳ ಹೊಳೆಯುತ್ತವೆ. ಈ ಮನೆಯಲ್ಲಿ ತಿಕ್ಕಿಸಿಕೊಳ್ಳದೆ ಉಳಿದವರು ಮೂವರೇ, ಸುಗಂಧಾಳ ಹಂಚು, ಆ ಹೊಸಬ ಮತ್ತು ನಾನು. ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ಬೇಕಿಲ್ಲ.

ಪತ್ತಾರರಿಗೆ ಈಗ ಏನೂ ಕಾಣುವುದಿಲ್ಲ. ಪೂಜೆಯ ದಿನ ನನಗೆ ಕುಂಕುಮ ಹಚ್ಚಿದ ಮೇಲೆ ಕಿರುಬೆರಳ ತುದಿಯನ್ನು ನನ್ನ ಬಾಯಿಗೆ ಒತ್ತಿ ತಿರುಗಿಸಿ, ಸೊಸೆಯತ್ತ ಚಾಚುತ್ತಾರೆ.

“ಮಸಿ ಹತ್ತಿತೇನವಾ?”

“ಹತ್ತೈತ್ರಿ ಮಾವಾರ.”

“ಚೊಲೋ ಆತು,” ಎಂದು ಬೆರಳು ಒರೆಸಿಕೊಳ್ಳದೆ ಕೈ ಮುಗಿಯುತ್ತಾರೆ.