ಬಲಕ್ಕೆ ಸವೆದ ನಿಬ್ಬು

ಮೇಳದ ಎರಡನೇ ದಿನ ಮಧ್ಯಾಹ್ನ ಆಗೋ ಹೊತ್ತಿಗೆ ಪೆನ್ನು ಅನ್ನೋ ಪದ ಕೇಳಿದರೇ ನನಗೆ ತಲೆ ಚಿಟ್ಟು ಹಿಡಿಯುತ್ತೆ. ಮೂವತ್ತು ವರ್ಷದಿಂದ ಇದರಲ್ಲೇ ಹೊಟ್ಟೆ ಹೊರೆಯೋನು ಹೀಗನ್ನಬಾರದು, ಆದರೂ ನಿಜ. ಹಳೇ ಇಂಕ್ ಪೆನ್ನುಗಳನ್ನ ಕಂತೆಗಟ್ಟಲೆ ಕೊಂಡು, ತೊಳೆದು, ಉಜ್ಜಿ, ನಿಬ್ಬು ಸರಿಮಾಡಿ, ಇಂಥ ಸಂಗ್ರಾಹಕರ ಮೇಳಗಳಲ್ಲಿ ಮೇಜು ಹಾಕಿ ಮಾರ್ತೀನಿ. ಹಾಲ್ ತುಂಬ ಎಂಬತ್ತು ಮೇಜು, ತೆರೆಯೋಕೆ ಬರೋ ಕಿಟಕಿ ಒಂದೂ ಇಲ್ಲ. ಬರೋರೆಲ್ಲ ಕ್ಯಾಪು ಬಿಚ್ಚಿ, ಇಂಕಿಗೆ ಅದ್ದಿ, ನಾವಿಟ್ಟ ಹಾಳೆ ಮೇಲೆ ತಮ್ಮ ಸಹಿಯನ್ನೇ ಹತ್ತು ಸಲ ಹಾಕಿ, "ಪರವಾಗಿಲ್ಲ" ಅಂತ ಎದ್ದು ಹೋಗ್ತಾರೆ. ಪರವಾಗಿಲ್ಲವಂತೆ! ಒಂದೊಂದು ನಿಬ್ಬಿಗೂ ನನ್ನ ಕಣ್ಣು ಎಷ್ಟು ಸುಟ್ಟಿದೆ ಅಂತ ಇವರಿಗೇನು ಗೊತ್ತು.

ಪಕ್ಕದಲ್ಲಿ ಅಕ್ಕ ಕೂತಿದ್ದಳು. ನನಗಿಂತ ಆರು ವರ್ಷ ದೊಡ್ಡವಳು. ಕೆಲಸದಿಂದ ನಿವೃತ್ತಿ ಆದಮೇಲೆ ಮನೇಲಿ ಸುಮ್ಮನೆ ಕೂರಲಾರದೆ ನನ್ನ ಜೊತೆ ಹೊರಡ್ತಾಳೆ. ಪೆನ್ನು ತೊಳೆಯೋದು, ಹಾಳೆ ಬದಲಿಸೋದು, ನಡುನಡುವೆ ನನ್ನ ಬಾಯಿಗೆ ಬೀಗ ಹಾಕೋದು, ಇಷ್ಟು ಅವಳ ಕೆಲಸ.

"ಮುಖ ಸ್ವಲ್ಪ ಸಡಿಲ ಮಾಡೋ," ಅಂದಳು. "ಹಲ್ಲು ಕೀಳಿಸ್ಕೊಳ್ಳೋಕೆ ಬಂದೋನ ಹಾಗೆ ಕೂತಿದೀಯ."

ಆಗ ಆಕೆ ಬಂದರು. ವಯಸ್ಸು ಅರವತ್ತು ದಾಟಿರಬೇಕು, ಹೆಗಲಿಗೊಂದು ಬಟ್ಟೆ ಚೀಲ. ಬೆಳಗ್ಗೆಯಿಂದ ಅವರನ್ನ ನೋಡ್ತಾನೇ ಇದ್ದೆ. ಮೊದಲ ಸಾಲಿಂದ ಹಿಡಿದು ಒಂದೊಂದೇ ಮೇಜಿಗೆ ಹೋಗಿ, ಇದ್ದಬದ್ದ ಕಪ್ಪು ಪೆನ್ನೆಲ್ಲ ಬರೆದು ನೋಡಿ, ಏನೂ ಕೊಳ್ಳದೆ ಮುಂದಕ್ಕೆ ಹೋಗ್ತಿದ್ದರು. ಎದುರು ಮೇಜಿನ ಇಂಕಿನವನು, ಈಗ ನಿನ್ನ ಸರದಿ ಅನ್ನೋ ಹಾಗೆ ನನಗೆ ಕಣ್ಣು ಹೊಡೆದ.

ಕಪ್ಪು ಪೆನ್ನಿನ ತಟ್ಟೆ ಮುಂದೆ ತಳ್ಳಿದೆ. ಪ್ರತಿಯೊಂದನ್ನೂ ಎರಡೆರಡು ಸಲ ಬರೆದು ನೋಡಿದರು. ಮೊದಲು ಎಲ್ಲರ ಹಾಗೆ ಹಿಡಿದು. ಆಮೇಲೆ ತೋರುಬೆರಳು, ನಡುಬೆರಳಿನ ಸಂದಿಯಲ್ಲಿ ಸಿಕ್ಕಿಸಿ, ಮಣಿಕಟ್ಟು ಹೊರಕ್ಕೆ ತಿರುಗಿಸಿ.

"ಹಾಗೆ ಹಿಡಿದ್ರೆ ಯಾವ ಪೆನ್ನೂ ಬರೆಯಲ್ಲಮ್ಮ," ಅಂದೆ. ನನ್ನ ದನಿಯಲ್ಲಿ ಸಿಡುಕಿತ್ತು, ಇಲ್ಲ ಅನ್ನಲ್ಲ.

"ಒಂದೇ ಒಂದು ಬರೆಯುತ್ತೆ. ಅದನ್ನೇ ಹುಡುಕ್ತಿರೋದು," ಅಂದರು. ಸಿಟ್ಟಾಗಲಿಲ್ಲ. ಈ ಮಾತು ಎಲ್ಲ ಮೇಜಲ್ಲೂ ಕೇಳಿ ಸಾಕಾಗಿತ್ತೇನೋ.

ಅಕ್ಕ ಕುರ್ಚಿ ಎಳೆದು ಕೂರಿಸಿದಳು. ಕೂತವರು ಪೆನ್ನು ನೋಡ್ತಾನೇ ಹೇಳಿದರು. ಅವರಪ್ಪ ಗೋದಾಮಿನಲ್ಲಿ ಗುಮಾಸ್ತರು. ತೋರುಬೆರಳು ಮಡಚೋಕೆ ಬರ್ತಿರಲಿಲ್ಲ, ಅದಕ್ಕೇ ಹಾಗೆ ಹಿಡಿದು ಬರೀತಿದ್ದರು. ಮೂವತ್ತೊಂದು ವರ್ಷ ಒಂದೇ ಪೆನ್ನು. ನಿಬ್ಬು ಅವರ ಕೈಗೆ ತಕ್ಕ ಹಾಗೆ ಸವೆದು, ಬೇರೆಯವರು ಮುಟ್ಟಿದರೆ ಕಾಗದ ಹರೀತಿತ್ತು.

"ಏಳನೇ ಕ್ಲಾಸಲ್ಲಿ ಮಾರ್ಕ್ಸ್ ಕಾರ್ಡಿಗೆ ನಾನೇ ಅಪ್ಪನ ಸಹಿ ಹಾಕೋಕೆ ಹೋಗಿ ಕಾರ್ಡು ತೂತಾಯ್ತು," ಅಂತ ನಕ್ಕರು. "ಅಪ್ಪ ಹೊಡೀಲಿಲ್ಲ. ಕಳ್ಳಿ, ಕದಿಯೋದಾದ್ರೆ ಸರಿಯಾಗಿ ಹಿಡಿಯೋದು ಕಲಿ ಅಂತ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿಕೊಟ್ಟರು. ಮನೇಲಿ ಅದರಲ್ಲಿ ಬರೀತಿದ್ದೋಳು ನಾನೊಬ್ಬಳೇ."

ಅಪ್ಪ ಹೋದ ಮೇಲೆ ಮನೆ ಖಾಲಿ ಮಾಡುವಾಗ ಅವರ ತಮ್ಮ, ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಪೆನ್ನುಗಳನ್ನ ಡಬ್ಬಿ ಸಮೇತ ಯಾರಿಗೋ ಕೊಟ್ಟುಬಿಟ್ಟಿದ್ದನಂತೆ. ಯಾರಿಗೆ ಅಂತ ಅವನಿಗೂ ನೆನಪಿಲ್ಲ. "ಕ್ಲಿಪ್ಪು ಮುರಿದಿತ್ತು. ಹಿಂದಿನ ತುದೀಲಿ ಅಪ್ಪನ ಹಲ್ಲಿನ ಗುರುತಿತ್ತು."

ಅಕ್ಕನ ಕೈ ನಿಂತಿತು. ನಾನು ಕೊಂಡ ಕಂತೆಯೊಂದರಲ್ಲಿ ಅಂಥದ್ದೇ ಬಿಸ್ಕತ್ತಿನ ಡಬ್ಬಿ ಬಂದಿತ್ತು, ಅದರ ಪೆನ್ನೆಲ್ಲ ತೊಳೆದವಳು ಅವಳೇ. ನನ್ನ ಕಡೆ ನೋಡಿದಳು. ನಾನು ತಟ್ಟೆ ನೋಡಿದೆ.

ಹೋದ ತಿಂಗಳ ಕೆಲಸ ಅದು. ತುದಿಯ ಬಲಮಗ್ಗುಲು ಪೂರ್ತಿ ಸವೆದ ಅಂಥ ನಿಬ್ಬನ್ನ ನಾನು ಜನ್ಮದಲ್ಲಿ ನೋಡಿರಲಿಲ್ಲ. ಯಾವ ಪುಣ್ಯಾತ್ಮ ಹೀಗೆ ಹಾಳು ಮಾಡಿದ ಅಂತ ಬೈದುಕೊಂಡೇ ಎರಡು ದಿನ ಕಲ್ಲಿನ ಮೇಲೆ ಉಜ್ಜಿ ಸರಿಮಾಡಿದ್ದೆ. ಹಲ್ಲಿನ ಗುರುತನ್ನ ಬಿಸಿ ತಾಗಿಸಿ ಎಬ್ಬಿಸಿ, ಪಾಲಿಶ್ ಹಾಕಿದ್ದೆ. ಬೇರೆ ಕ್ಲಿಪ್ಪು ಕೂರಿಸಿದ್ದೆ. ಮುಗಿದ ಮೇಲೆ ಅಕ್ಕನಿಗೆ ತೋರಿಸಿ ಬೆನ್ನು ತಟ್ಟಿಸಿಕೊಂಡಿದ್ದೆ ಬೇರೆ!

ಆಕೆ ಈಗ ಅದನ್ನೇ ಎತ್ತಿಕೊಂಡರು. ಎಲ್ಲರ ಹಾಗೆ ಹಿಡಿದು ಬರೆದರು. ಬೆಣ್ಣೆ ಸವರಿದ ಹಾಗೆ ಹೋಯಿತು. ಬೆರಳ ಸಂದಿಯಲ್ಲಿ ಸಿಕ್ಕಿಸಿ ಬರೆದರು. ಕರಕರ ಅಂತ ಗೀಚಿ ನಿಂತಿತು.

"ಚೆನ್ನಾಗಿದೆ. ಆದ್ರೆ ಇದಲ್ಲ," ಅಂತ ಜೋಪಾನವಾಗಿ ತಟ್ಟೆಗಿಟ್ಟರು.

ನಾನು ಸುಮ್ಮನಿದ್ದಿದ್ದರೆ ಎದ್ದು ಹೋಗ್ತಿದ್ದರು. ನಿಬ್ಬಿಗೆ ಏನು ಮಾಡಿದೆ ಅಂತ ಗಿರಾಕಿಗೆ ಹೇಳೋ ರೂಢಿ ನಮ್ಮಲ್ಲಿ ಯಾರಿಗೂ ಇಲ್ಲ. ಆದರೆ ಆಕೆ ಮಂಡಿ ನೀವಿಕೊಳ್ಳುತ್ತಾ, "ಇದು ನಾಲ್ಕನೇ ಮೇಳ. ಮುಂದಿನದು ತುಂಬಾ ದೂರವಂತೆ, ಟಿಕೆಟ್ ಮಾಡಿಸಿದೀನಿ," ಅಂದರು. ಈ ಮಂಡಿ ಇಟ್ಟುಕೊಂಡು, ಎಲ್ಲೂ ಇಲ್ಲದ ಪೆನ್ನಿಗಾಗಿ ಇನ್ನೆಷ್ಟು ಊರು ಅಲೀತಾರೆ ಇವರು?

"ಅಮ್ಮಾ," ಅಂದೆ. "ಅದೇ ನಿಮ್ಮಪ್ಪನ ಪೆನ್ನು. ಸವೆದಿದೆ ಅಂತ ನಾನೇ ಉಜ್ಜಿಬಿಟ್ಟೆ. ಎಲ್ಲಾ ನಾನೇ ಮಾಡಿದ್ದು. ತಪ್ಪಾಯ್ತು."

ಅವರು ಪೆನ್ನನ್ನ ಮತ್ತೆ ಎತ್ತಿಕೊಂಡು ಹಿಂದಿನ ತುದಿ ಸವರಿ ನೋಡಿದರು. ಮತ್ತೆ ಅಪ್ಪನ ಹಾಗೆ ಹಿಡಿದು ಒತ್ತಿದರು. ಕಾಗದ ಕಿತ್ತುಬಂತು.

"ಮೊದಲಿನ ಹಾಗೆ ಮಾಡಿಕೊಡಿ."

"ಆಗಲ್ಲಮ್ಮ. ಉಜ್ಜಿ ಹೋಗಿದ್ದು ಹೋಯ್ತು."

"ದಿನಾ ನಾನೇ ಬರೆದ್ರೆ?"

"ಸವೆಯುತ್ತೆ. ಅವರಿಗೆ ಹಿಡಿದಷ್ಟೇ ವರ್ಷ ಹಿಡಿಯುತ್ತೆ."

"ನನಗೀಗ ಅರವತ್ತಮೂರು," ಅಂದರು.

ಅಕ್ಕ ಪೆನ್ನನ್ನ ಬಟ್ಟೆಯಲ್ಲಿ ಸುತ್ತಿ ಅವರ ಕೈಗಿಟ್ಟು, ಆ ಕೈ ಹಿಡಿದುಕೊಂಡಳು. ಪರ್ಸು ತೆಗೆಯೋಕೆ ಬಿಡಲಿಲ್ಲ. ಆಕೆ ಅಳ್ತಾರೆ, ಇಲ್ಲ ನನ್ನನ್ನ ಬಾಯಿಗೆ ಬಂದ ಹಾಗೆ ಬೈತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ಮೊದಲ ಸಲ ನನ್ನ ಮುಖ ನೆಟ್ಟಗೆ ನೋಡಿದರು.

"ಹೇಳದೇ ಇದ್ದಿದ್ರೆ ಹುಡುಕ್ತಾನಾದ್ರೂ ಇರ್ತಿದ್ದೆ," ಅಂದರು.